50 ಹರ್ಟ್ಸ್ ಕರೆಂಟಿನಲ್ಲಿ ಮಾಡೆಲ್ 15 ಟೆಲಿಟೈಪ್

ಟೆಲಿಟೈಪ್ ಅಂದರೆ ತಂತಿಯಲ್ಲಿ ಬಂದ ವಿದ್ಯುತ್ ಸಂಕೇತವನ್ನು ಕಾಗದದ ಮೇಲೆ ಅಕ್ಷರವಾಗಿ ಹೊಡೆಯುವ ಹಳೆಯ ಯಂತ್ರ. ಅದರ ಮಾಡೆಲ್ 15ರ ಸಿಂಕ್ರನಸ್ ಮೋಟರು (ಕರೆಂಟಿನ ಹರ್ಟ್ಸಿಗೆ ತಕ್ಕ ವೇಗದಲ್ಲಿ ತಿರುಗುವಂಥದ್ದು) ಅಮೆರಿಕದ 60 ಹರ್ಟ್ಸಿಗೆ ಮಾಡಿದ್ದು. ನಮ್ಮ 50 ಹರ್ಟ್ಸಿನಲ್ಲಿ ಅದು ಆರರಲ್ಲಿ ಐದು ಪಾಲು ವೇಗಕ್ಕೇ ತಿರುಗುತ್ತದೆ. ಬೇರೆ ಗೇರು ಹುಡುಕುವ ಗೋಜಿಗೆ ಹೋಗದೆ, ಸಂಕೇತ ಕಳಿಸುವ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲೇ ಕಾಲ ಹಿಗ್ಗಿಸಿದೆ: ಬಿಟ್ಟಿಗೆ (ಸಂಕೇತದ ಒಂದೊಂದು ತುಣುಕಿಗೆ) 22ರ ಬದಲು 26.4 ಮಿಲಿಸೆಕೆಂಡ್, ಅಕ್ಷರದ ಕೊನೆ ಸೂಚಿಸುವ ಸ್ಟಾಪಿಗೆ 31ರ ಬದಲು 37.2. ನಿಮಿಷಕ್ಕೆ 368 ಅಕ್ಷರದ ಜಾಗದಲ್ಲಿ 306 ಬರುತ್ತದೆ, ಅಷ್ಟೇ. ಮೋಟರಿಗೆ ಪೂರ್ತಿ 115 ವೋಲ್ಟ್ ಕೊಟ್ಟರೆ ಬಿಸಿಯೇರುತ್ತದೆ. 96ರ ಆಸುಪಾಸು ಸಾಕು.

ಯಂತ್ರ ಸುಮ್ಮನಿರುವಾಗಲೂ ಲೂಪಿನಲ್ಲಿ, ಅಂದರೆ ಸಂಕೇತ ಸಾಗುವ ತಂತಿಯ ಸುತ್ತಿನಲ್ಲಿ, 60 ಮಿಲಿಆಂಪ್ ಹರಿಯುತ್ತಿರಬೇಕು. ಒಂದು ಬಿಟ್ ಕಾಲ ಕರೆಂಟು ನಿಂತರೆ ಅದು ಸ್ಟಾರ್ಟ್, ಆಮೇಲೆ ಐದು ಬಿಟ್ (ಕರೆಂಟು ಹರಿದರೆ 1, ನಿಂತರೆ 0), ಕೊನೆಗೆ ಸ್ಟಾಪ್. ಇಂಗ್ಲಿಷಿನ ವೈ ಅಂದರೆ 10101, ಆರ್ ಅಂದರೆ 01010. ಈ ಎರಡನ್ನೇ ಬಿಡದೆ ಕಳಿಸಿದರೆ ಐದೂ ಬಿಟ್ಟು ಪ್ರತಿ ಅಕ್ಷರಕ್ಕೂ ಮಗುಚುತ್ತವೆ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಅಕ್ಷರ ಹೊಡೆಯದೆ ಯಂತ್ರ ಬರೀ ಗಡಗಡ ಅನ್ನುತ್ತಿದ್ದರೆ ಲೂಪು ಎಲ್ಲೋ ತುಂಡಾಗಿದೆ ಎಂದೇ ಅರ್ಥ.

60 ಮಿಲಿಆಂಪಿಗೆ 12 ವೋಲ್ಟೇ ಸಾಕಲ್ಲ ಅನ್ನಿಸಬಹುದು. ಸಾಲದು. ಅಕ್ಷರ ಆರಿಸುವ ಸೆಲೆಕ್ಟರ್ ಕಾಯಿಲಿನ ಇಂಡಕ್ಟೆನ್ಸ್ (ಕರೆಂಟು ಬದಲಾಗುವುದನ್ನು ತಡೆಯುವ ಗುಣ) ದೊಡ್ಡದು, ಕಡಿಮೆ ವೋಲ್ಟಿನಲ್ಲಿ ಕರೆಂಟು ಏರುವಷ್ಟರಲ್ಲಿ ಬಿಟ್ಟೇ ಮುಗಿದಿರುತ್ತದೆ. ನಾನು 120 ವೋಲ್ಟ್ ಡಿಸಿ ಇಟ್ಟು, ಕಾಯಿಲೂ ಸೇರಿ ಒಟ್ಟು 2000 ಓಮ್ ಆಗುವಂತೆ 25 ವಾಟಿನ ರೆಸಿಸ್ಟರ್ ಹಾಕಿದೆ. ಸ್ವಿಚ್ಚಿಗೆ 400 ವೋಲ್ಟಿನ ಮಾಸ್ಫೆಟ್ ಟ್ರಾನ್ಸಿಸ್ಟರ್, ಅದಕ್ಕೂ ಆರ್ಡುಯಿನೋಗೂ ನಡುವೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ). ಸ್ವಿಚ್ ಬಿಟ್ಟಾಗ ಕಾಯಿಲಿನಿಂದ ಚಿಮ್ಮುವ ವೋಲ್ಟೇಜನ್ನು ತಡೆಯುವ ಡಯೋಡನ್ನು ಕಾಯಿಲಿಗೊಂದಕ್ಕೇ ಕಟ್ಟಿದರೆ ಕರೆಂಟು ನಿಧಾನ ಇಳಿದು ಒಂದುಗಳು ಸೊನ್ನೆಯ ಮೇಲೆ ಚಾಚಿಕೊಳ್ಳುತ್ತವೆ. ಕಾಯಿಲು, ರೆಸಿಸ್ಟರ್ ಎರಡನ್ನೂ ಸೇರಿಸಿ ಅಡ್ಡ ಕಟ್ಟಿ. ಲೂಪಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಿ, 120 ವೋಲ್ಟ್ ಡಿಸಿ ತಮಾಷೆಯಲ್ಲ.

ಇಷ್ಟಾದ ಮೇಲೂ ಅಕ್ಷರ ತಪ್ಪಿದರೆ ರೇಂಜ್ ಫೈಂಡರ್ (ಯಂತ್ರ ಬಿಟ್ಟನ್ನು ಯಾವ ಗಳಿಗೆಯಲ್ಲಿ ಓದಬೇಕೆಂದು ಹೊಂದಿಸುವ ಅಂಕಿಪಟ್ಟಿ) ನೋಡಿ. ಆರ್-ವೈ ಓಡುತ್ತಿರುವಾಗಲೇ ಅದನ್ನು ಎರಡೂ ಕಡೆ ಸರಿಸಿ, ತಪ್ಪು ಶುರುವಾಗುವ ಅಂಕಿ ಗುರುತಿಸಿ, ನಡುಮಧ್ಯಕ್ಕೆ ಬಿಗಿ ಮಾಡಿ. 22, 88 ಸಿಕ್ಕರೆ 55.

ಐದು ಬಿಟ್ಟಿಗೆ 32 ಸಂಕೇತ ಮಾತ್ರ. ಹಾಗಾಗಿ ಅಂಕಿಗೆ ಹೋಗಲು 11011, ಅಕ್ಷರಕ್ಕೆ ಮರಳಲು 11111. ಮರಳುವ ಸಂಕೇತ ಕೆಟ್ಟರೆ ಇಂಗ್ಲಿಷಿನ ಪಿ-ಯು-ಟಿ-ಟಿ-ಯು-ಆರ್, ಅಂದರೆ ನಮ್ಮ ಪುತ್ತೂರು, ಕಾಗದದ ಮೇಲೆ 075574 ಆಗಿ ಇಳಿಯುತ್ತದೆ! ಅದಕ್ಕೇ ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ (ಎಡತುದಿಗೆ ಮರಳು), ಲೈನ್ ಫೀಡ್ (ಹಾಳೆಯನ್ನು ಒಂದು ಸಾಲು ಸರಿಸು), 11111 ಇದೇ ಅನುಕ್ರಮದಲ್ಲಿ ಕಳಿಸುತ್ತೇನೆ. ಮೊದಲೆರಡನ್ನು ಅದಲುಬದಲು ಮಾಡಿದರೆ ಅಕ್ಷರದ ಅಚ್ಚುಗಳಿರುವ ಟೈಪ್ ಬುಟ್ಟಿ ಎಡತುದಿ ಮುಟ್ಟಲು ಹೊತ್ತು ಸಾಲದೆ ಹೊಸ ಸಾಲಿನ ಮೊದಲ ಅಕ್ಷರ ಹಾಳೆಯ ನಡುವೆಲ್ಲೋ ಬೀಳಬಹುದು.