ಮುರಕಲ್ಲಿನ ರೂಮಿಗೆ ಸೀಲ್ಡ್ ಸಬ್ವೂಫರ್: ನನ್ನ ಅನುಭವ

ಹೋಮ್ ಥಿಯೇಟರಿಗೆ ಸೀಲ್ಡ್ ಸಬ್ (ಸಬ್ವೂಫರ್, ಬಾಸ್ ಅಂದ್ರೆ ತಗ್ಗು ಸ್ವರ ಮಾತ್ರ ಕೊಡುವ ಸ್ಪೀಕರ್) ತಗೊಳ್ತೇನೆ ಅಂತ ಹೇಳಿದಾಗ ಒಬ್ರೂ ಸರಿ ಅನ್ಲಿಲ್ಲ. ಮಂಗಳೂರಿನ ಭಾವ ಅಂತೂ "ನಿಮಗೆ ಮರುಳಾ ಭಾವ, ಸಿನೆಮಾಕ್ಕೆ ಪೋರ್ಟೆಡ್ಡೇ ಬೇಕು, ಸೀಲ್ಡ್ ಎಲ್ಲ ಬರೀ ಹಾಡು ಕೇಳುವವರಿಗೆ" ಅಂತ ಫೋನಲ್ಲೇ ಜೋರು ಮಾಡಿದ್ರು. ಅಂಗಡಿಯವರದ್ದೂ ಅದೇ ಮಾತು. ಸೀಲ್ಡ್ ಅಂದ್ರೆ ಪೂರ್ತಿ ಮುಚ್ಚಿದ ಪೆಟ್ಟಿಗೆ, ಪೋರ್ಟೆಡ್ ಅಂದ್ರೆ ಗಾಳಿ ಆಡ್ಲಿಕ್ಕೆ ಒಂದು ತೂತು (ಪೋರ್ಟ್) ಇರುವ ಪೆಟ್ಟಿಗೆ. ಈಗ ಏಳೆಂಟು ತಿಂಗಳಾಯ್ತು, ಒಂದು ಮಳೆಗಾಲವೂ ದಾಟಿತು, ಹಾಗಾಗಿ ಧೈರ್ಯದಲ್ಲಿ ಬರೀತಿದ್ದೇನೆ.

ಮನೆ ಇರುದು ಉಡುಪಿ ಕುಂಜಿಬೆಟ್ಟಲ್ಲಿ. ಹಳೆ ಮನೆ, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಕಾವಿ ನೆಲ, ಕೆಳಗಿನ ಒಂದು ಭಾಗಕ್ಕೆ ಸ್ಲ್ಯಾಬ್, ಉಳಿದದ್ದಕ್ಕೆಲ್ಲ ಹಂಚು. ಸ್ಪೀಕರ್ 5.1 (ಐದು ಸ್ಪೀಕರ್, ಒಂದು ಸಬ್), ಐದೂಕಾಲು ಇಂಚಿನ ವೂಫರಿನ ಬುಕ್‌ಶೆಲ್ಫ್, ಸೆಟ್ಟಿಂಗಲ್ಲಿ ಎಲ್ಲ ಸ್ಮಾಲ್, ಕ್ರಾಸೋವರ್ 80, ಅಂದ್ರೆ 80 ಹರ್ಟ್ಸಿಂದ ಕೆಳಗಿನ ಸ್ವರ ಎಲ್ಲ ಸಬ್ಬಿಗೆ. ಅದ್ರಲ್ಲಿ ಹೇಳುವಂಥದ್ದು ಎಂತ ಇಲ್ಲ.

ಮೊದ್ಲು ಸೆಟ್ ಇಟ್ಟದ್ದು ಮಹಡಿಯಲ್ಲಿ, ಹಂಚಿನ ಅಡಿಗೆ. ಅದು ದೊಡ್ಡ ತಪ್ಪು. ಬಾಸ್ ಎಲ್ಲ ಹಂಚಿನ ಸಂದಿಯಿಂದ ಹೊರಗೆ ಹೋಗ್ತದೆ, ಒಳಗೆ ಉಳಿಯುದು ಬರೀ ಹಂಚಿನ ಕಟಕಟ, ಒಂದು ಜೋರಿನ ಸೀನ್ ಬಂದ್ರೆ ಸೋಫಾದ ಮೇಲೆ ಧೂಳು ಉದುರ್ತಿತ್ತು. ಆಗ ಇದ್ದದ್ದು 8 ಇಂಚಿನ ಸಣ್ಣ ಸಬ್, ಅದರದ್ದೇ ತಪ್ಪು ಅಂತ ತಿಳ್ಕೊಂಡು ಎಲ್ಲರೂ ಹೇಳಿದ ಹಾಗೆ 12 ಇಂಚಿನ ಪೋರ್ಟೆಡ್ ತಗೊಂಡೆ, ಸೆಕೆಂಡ್ ಹ್ಯಾಂಡ್, ಸುಮಾರು 38 ಸಾವಿರ, ಮಂಗಳೂರಿನಿಂದ ತರ್ಲಿಕ್ಕೆ ಗೂಡ್ಸ್ ಟೆಂಪೋ ಬಾಡಿಗೆ ಬೇರೆ. ಮೂವತ್ತು ಕೆಜಿಯ ಹತ್ರ ಇತ್ತು. ಮೆಟ್ಟಿಲು ಹತ್ತಿಸುದು ಸಾಧ್ಯವೇ ಇಲ್ಲ ಅಂತ ಸ್ಲ್ಯಾಬ್ ಇರುವ ಕೆಳಗಿನ ರೂಮಿಗೇ ಇಳಿಸಿ ಇಡೀ ಸೆಟ್ ಅಲ್ಲಿಗೆ ತಂದದ್ದು. 14 ಅಡಿ ಉದ್ದ, 11 ಅಡಿ ಅಗಲ, ಎತ್ತರ ಹತ್ತು.

ಎರಡು ದಿನ ಖುಷಿಯೋ ಖುಷಿ. ಮೂರನೇ ದಿನದಿಂದ ತಲೆನೋವು ಶುರು. ಮೂಲೆಯಲ್ಲಿ ಇಟ್ಟಿದ್ದೆ, ಎಂತ ಹಾಕಿದ್ರೂ ಒಂದೇ ಸ್ವರ, ಗುಂಂಂ ಅಂತ. ನನ್ನ ಪರೀಕ್ಷೆಗೆ ಯಾವಾಗ್ಲೂ ಹುಲಿವೇಷದ ರೆಕಾರ್ಡಿಂಗ್ ಒಂದು ಉಂಟು, ವಿಟ್ಲಪಿಂಡಿ (ಕೃಷ್ಣಾಷ್ಟಮಿಯ ಮರುದಿನ) ದಿವಸ ಉಡುಪಿಯ ರಥಬೀದಿಯಲ್ಲಿ ನಾನೇ ಮಾಡಿದ್ದು. ತಾಸೆ ಮತ್ತು ಡೋಲು ಹತ್ರದಲ್ಲಿ ನಿಂತು ಕೇಳಿದವರಿಗೆ ಗೊತ್ತು, ಡೋಲಿನ ಪೆಟ್ಟು ಎದೆಗೆ ಬಂದು ತಾಗಿ ಅಲ್ಲಿಗೇ ನಿಲ್ತದೆ, ಮರುಕ್ಷಣ ಇನ್ನೊಂದು ಪೆಟ್ಟು. ಈ ಸಬ್ಬಲ್ಲಿ ಮೊದಲನೇ ಪೆಟ್ಟಿನ ಬಾಲ ಮುಗಿಯುವ ಮೊದ್ಲೇ ಎರಡನೇದು ಬಂದು ಅದರೊಳಗೆ ಮುಳುಗ್ತಿತ್ತು, ಮೂರನೇದು ಎಲ್ಲಿ ಹೋಯ್ತೋ ದೇವರಿಗೇ ಗೊತ್ತು. ವಾಲ್ಯೂಮ್ ಇಳಿಸಿದ್ರೆ ಡೋಲೇ ಇಲ್ಲ.

ಅಳತೆಯ ಮೈಕ್ ಯೂಮೈಕ್-1 ಸುಮಾರು ಒಂಬತ್ತು ಸಾವಿರ ಕೊಟ್ಟು ತರಿಸಿದೆ, ಆರ್‌ಇಡಬ್ಲ್ಯೂ (ಮೈಕಿನಿಂದ ಗ್ರಾಫ್ ತೆಗೆಯುವ ಸಾಫ್ಟ್‌ವೇರ್) ಫ್ರೀ. ಗ್ರಾಫ್ ನೋಡಿ ಗಾಬರಿ ಆಯ್ತು: 40 ಹರ್ಟ್ಸಲ್ಲಿ 12-13 ಡಿಬಿ (ಡೆಸಿಬೆಲ್) ಗುಡ್ಡ, 70ರ ಹತ್ರ ಒಂದು ಹೊಂಡ. ಎವಿಆರಿನ (ಸ್ಪೀಕರೆಲ್ಲ ನಡೆಸುವ ಆಂಪಿನ) ಆಟೋ ಕರೆಕ್ಷನ್ ಗುಡ್ಡ ಚೂರು ಕೆತ್ತಿತು, ಹೊಂಡಕ್ಕೆ ಮಾತ್ರ ಎಂತ ಸುರಿದ್ರೂ ತುಂಬುದಿಲ್ಲ, ಆಂಪು ಬಿಸಿ ಆಗುದು ಅಷ್ಟೇ.

ಅಷ್ಟೊತ್ತಿಗೆ ಜೂನ್ ಬಂತು. ಒಂದು ರಾತ್ರಿ ಸಬ್ಬಿನ ಒಳಗಿಂದ ಪರಪರ ಸದ್ದು. ಕೋನ್ ಹರಿಯಿತು ಅಂತ ಎಣಿಸಿ ಬೆಳಿಗ್ಗೆ ಟಾರ್ಚ್ ಹಾಕಿ ಪೋರ್ಟಿನೊಳಗೆ ನೋಡಿದ್ರೆ ಹಲ್ಲಿ, ಆಚೆ ಬದಿಯಲ್ಲಿ ಎರಡು ಮೊಟ್ಟೆ. ಮಳೆಗಾಲದಲ್ಲಿ ಬೆಚ್ಚಗೆ ಕತ್ತಲೆ ಜಾಗ ಸಿಕ್ಕಿದ್ರೆ ಅವು ಬಿಡ್ತವಾ? ಡ್ರೈವರ್ ಬಿಚ್ಚಿ ಕ್ಲೀನ್ ಮಾಡ್ಲಿಕ್ಕೆ ಅರ್ಧ ದಿವಸ ಹೋಯ್ತು. ನಮ್ಮ ಕರಾವಳಿಯಲ್ಲಿ ಪೋರ್ಟೆಡ್ ಇಟ್ಟವರು ಪೋರ್ಟಿನ ಬಾಯಿಗೆ ತೆಳು ಬಲೆ ಕಟ್ಟಿ, ಇದನ್ನು ಯಾವ ರಿವ್ಯೂದಲ್ಲೂ ಹೇಳುದಿಲ್ಲ.

ಆಗ ಕೂತು ಸರಿಯಾಗಿ ಆಲೋಚನೆ ಮಾಡಿದೆ. ನಾವು ಓದುವ ಸಲಹೆ ಎಲ್ಲ ಅಮೇರಿಕದವರದ್ದು. ಅವರ ಗೋಡೆ ಜಿಪ್ಸಂ ಬೋರ್ಡು, ಅದೇ ಒಂದಿಷ್ಟು ಬಾಸ್ ತಿಂತದೆ. ನಮ್ಮದು ಮುಕ್ಕಾಲು ಅಡಿ ದಪ್ಪದ ಮುರಕಲ್ಲು, ಅದು ಅಲ್ಲಾಡುದೇ ಇಲ್ಲ, ಎಲ್ಲವನ್ನೂ ವಾಪಸ್ ರೂಮಿಗೇ ಬಿಸಾಡ್ತದೆ. ಬಾಗಿಲು ಹಾಕಿದ ಇಂಥ ರೂಮಲ್ಲಿ 40ರ ಕೆಳಗೆ ರೂಮೇ ಬಾಸನ್ನು ಎತ್ತಿ ಕೊಡ್ತದೆ. ಪೋರ್ಟೆಡ್ ಮೊದ್ಲೇ 20ರವರೆಗೆ ಫುಲ್ ಕೊಡ್ತದಲ್ಲ, ಅದರ ಮೇಲೆ ರೂಮಿಂದೂ ಸೇರಿದ್ರೆ ಗುಂಂಂ ಅನ್ನದೆ ಇನ್ನೆಂತ? ಸೀಲ್ಡ್ ಕೆಳಗೆ ಹೋದ ಹಾಗೆ ನಿಧಾನಕ್ಕೆ, ಆಕ್ಟೇವಿಗೆ (ಹರ್ಟ್ಸ್ ಅರ್ಧ ಆದಾಗೆಲ್ಲ) 12 ಡಿಬಿಯ ಲೆಕ್ಕದಲ್ಲಿ ಇಳೀತದೆ, ರೂಮು ಹೆಚ್ಚುಕಮ್ಮಿ ಅದೇ ಲೆಕ್ಕದಲ್ಲಿ ಏರಿಸ್ತದೆ, ಒಂದಕ್ಕೊಂದು ಸರಿ ಹೋಗ್ತದೆ. ಹಾಲ್ ದೊಡ್ಡದು, ಅಡುಗೆಮನೆವರೆಗೆ ಓಪನ್ ಇರುವವರಿಗೆ ನಾನು ಈ ಮಾತು ಹೇಳುದಿಲ್ಲ, ಅವರಿಗೆ ಪೋರ್ಟೆಡ್ಡೇ ಸರಿ.

ಪೋರ್ಟೆಡ್ ಮಾರಿದ್ದು 24 ಸಾವಿರಕ್ಕೆ, ಹದಿನಾಲ್ಕು ಸಾವಿರ ನೀರಿಗೆ ಬಿತ್ತು. ಸೀಲ್ಡ್ 12 ಇಂಚು ಓಪನ್ ಬಾಕ್ಸಲ್ಲಿ (ಒಮ್ಮೆ ಪ್ಯಾಕ್ ಬಿಚ್ಚಿದ ಮಾಲು) ಸಿಕ್ಕಿತು, ನಲವತ್ತೊಂದೋ ನಲವತ್ತೆರಡೋ ಸಾವಿರ. ಸಣ್ಣ ಚೌಕದ ಪೆಟ್ಟಿಗೆ, ನೋಡಿ ಅಮ್ಮ "ಇಷ್ಟು ಸಣ್ಣದಕ್ಕೆ ಇಷ್ಟು ದುಡ್ಡಾ?" ಅಂತ ಕೇಳಿದ್ರು.

ಜಾಗ ಹುಡುಕಿದ್ದು ಹೇಳ್ತೇನೆ, ಅರ್ಧ ಕೆಲಸ ಅದೇ. ಸಬ್ಬನ್ನು ಸೋಫಾದ ಮೇಲೆ, ನಾನು ಕೂರುವ ಜಾಗದಲ್ಲಿಟ್ಟು 40 ಹರ್ಟ್ಸ್ ಟೋನ್ ಹಾಕಿ, ಗೋಡೆ ಬದಿಯಲ್ಲಿ ಅಂಬೆಗಾಲಿಟ್ಟು ಇಡೀ ರೂಮು ಸುತ್ತಿದೆ, ಜೋರಿದ್ದಲ್ಲಿ ಗೀಟು, ಕಮ್ಮಿ ಇದ್ದಲ್ಲಿ ಸೊನ್ನೆ, ಕಾವಿ ನೆಲದಲ್ಲಿ ಸೀಮೆಸುಣ್ಣದ ಗುರ್ತು ಲಾಯ್ಕ ಕಾಣ್ತದೆ. ನಾಲ್ಕೂ ಮೂಲೆಯಲ್ಲಿ ಗೀಟು. ಉದ್ದ ಗೋಡೆಯ ಸರೀ ಮಧ್ಯದಲ್ಲಿ, ಏಳನೇ ಅಡಿಗೆ ಬಂದಾಗ ಸ್ವರ ಸ್ವಿಚ್ ಆಫ್ ಮಾಡಿದ ಹಾಗೆ ಬಿದ್ದುಹೋಯ್ತು. 14 ಅಡಿಗೆ ಮೊದಲನೇ ಮೋಡ್ (ಎದುರುಬದುರು ಗೋಡೆಯ ನಡುವೆ ಸ್ವರ ನಿಂತು ಮೊಳಗುವ ಹರ್ಟ್ಸ್) ಲೆಕ್ಕ ಹಾಕಿದ್ರೂ 40ಕ್ಕೇ ಬರ್ತದೆ, ಅದರ ನಲ್, ಅಂದ್ರೆ ಸ್ವರ ಸಾಯುವ ಜಾಗ, ಮಧ್ಯದಲ್ಲಿ. ಅಲ್ಲಿ ಸಬ್ ಇಟ್ರೆ ಆ ಗುಡ್ಡ ಏಳ್ಲಿಕ್ಕೇ ಇಲ್ಲ, ಅಲ್ಲೇ ಇಟ್ಟೆ. ಅಗಲದ ಮೋಡ್ 51ರ ಹತ್ರ, ನಾನು ಅಗಲಕ್ಕೆ ಮಧ್ಯದಲ್ಲಿ ಕೂರುದರಿಂದ ಅದೂ ಕಿವಿಗೆ ಹೊಡೆಯುದಿಲ್ಲ, ಗ್ರಾಫಲ್ಲಿ ಅಲ್ಲಿ ಚೂರು ತಗ್ಗು ಕಾಣ್ತದೆ ಅಷ್ಟೇ. ಸೋಫಾ ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದೆ ತಂದೆ. ಸಬ್ ಬದಿಯಲ್ಲಿದ್ರೆ ಸ್ವರ ಬದಿಯಿಂದ ಬರ್ತದೆ ಅಂತ ಹೆದರಿಸಿದವರು ಇದ್ರು, 80ರ ಕ್ರಾಸೋವರಲ್ಲಿ ಹಾಗೆಂತ ಗೊತ್ತಾಗುದಿಲ್ಲ.

70ರ ಹೊಂಡ ತುಂಬಿದ್ದು ಎವಿಆರಲ್ಲಿ ಸಬ್ಬಿನ ಡಿಸ್ಟೆನ್ಸ್ (ಸಬ್ಬಿನ ಸ್ವರ ಬೇರೆ ಸ್ಪೀಕರಿನ ಜೊತೆ ಹೊಂದಿ ಬರ್ಲಿಕ್ಕೆ ಹಾಕುವ ದೂರ) ಬದಲಿಸಿ. ಟೇಪ್ ಹಿಡಿದ್ರೆ ಏಳು ಅಡಿ ಚಿಲ್ಲರೆ, ನಾನು ಹಾಕಿದ ನಂಬ್ರ ಅದಲ್ಲ. ಎಷ್ಟು ಅಂತ ಹೇಳುದಿಲ್ಲ, ಮೂರು ರಾತ್ರಿ ಕೂತು ಹುಡುಕಿದ್ದು, ನಿಮ್ಮ ರೂಮಿಗೆ ಅದು ಆಗುದೂ ಇಲ್ಲ.

ನಡುವೆ ಬೇರೆ ಬೇರೆ ಪ್ರಯೋಗವೂ ಆಯ್ತು. ಅಟ್ಟದಲ್ಲಿದ್ದ ಹಳೆ ಹತ್ತಿ ಹಾಸಿಗೆ ನಾಲ್ಕು ಸುರುಟಿ ಮೂಲೆಗೆ ನಿಲ್ಲಿಸಿ ಅಳೆದೆ, 40ರಲ್ಲಿ ಕೂದಲಿನಷ್ಟೂ ಬದಲಿಲ್ಲ. ಆಗ್ಲಿಕ್ಕೂ ಇಲ್ಲ, ಆ ಅಲೆಯೇ 28 ಅಡಿ ಉದ್ದ. ಆದ್ರೆ ಚಪ್ಪಾಳೆ ಹೊಡೆದ್ರೆ ಬರ್ತಿದ್ದ ಟಿಣಿಟಿಣಿ ಹೋಗಿ ಡಯಲಾಗ್ ಸ್ಪಷ್ಟ ಆಯ್ತು, ಹಾಗಾಗಿ ಎರಡು ಅಲ್ಲೇ ಉಳಿದಿದೆ. ಮತ್ತೆ ಒಂದು ಹಮ್ ಬರ್ತಿತ್ತು, ಸಬ್ಬೇ ಹಾಳು ಅಂತ ವಾಪಸ್ ಕೊಡ್ಲಿಕ್ಕೆ ಹೊರಟಿದ್ದೆ. ಕೇಬಲ್ ಟಿವಿಯ ವಯರ್ ಸೆಟ್‌ಟಾಪ್ ಬಾಕ್ಸಿನಿಂದ ತೆಗ್ದ ಕೂಡ್ಲೇ ನಿಂತಿತು, ಗ್ರೌಂಡ್ ಲೂಪ್, ಅಂದ್ರೆ ಎರಡು ದಾರಿಯಲ್ಲಿ ಅರ್ಥ್ ಸೇರಿ ಬರುವ ಹಮ್. ಇದಕ್ಕೆ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಜೀವಕ್ಕೆ ಅಪಾಯ.

ಈಗ ಅಳೆದ್ರೆ 25ರಿಂದ 80ರವರೆಗೆ ಹೆಚ್ಚುಕಮ್ಮಿ ನಾಲ್ಕು ಡಿಬಿ ಒಳಗೇ ಉಂಟು, 20ರಲ್ಲೂ ಪೂರ್ತಿ ಬೀಳುದಿಲ್ಲ. ಬಾಗಿಲು ತೆಗ್ದ್ರೆ ಮಾತ್ರ ಕೆಳಗಿನ ಬಾಸ್ ಹೊರಗೆ ಓಡ್ತದೆ.

ಮೊನ್ನೆ ಭಾವ ಬಂದಿದ್ರು. ಹೇಳದೇ ಹುಲಿವೇಷ ಹಾಕಿದೆ. ಡೋಲು ಒಂದೊಂದೇ ಪೆಟ್ಟು, ನಡುವೆ ರಥಬೀದಿಯ ಜನರ ಬೊಬ್ಬೆ ಬೇರೆಯಾಗಿ ಕೇಳ್ತದೆ. ಐದು ನಿಮಿಷ ಮಾತೇ ಇಲ್ಲ, ಮತ್ತೆ ಕೇಳಿದ್ರು, "ಭಾವ, ಇದು 15 ಇಂಚಿಂದಾ? ಎಲ್ಲಿ ಇಟ್ಟಿದ್ದೀರಿ, ಕಾಣುದೇ ಇಲ್ಲ?" ಗೋದ್ರೇಜಿನ ಬದಿಯಲ್ಲಿದ್ದ ಪೆಟ್ಟಿಗೆ ತೋರಿಸಿದೆ. ಅವರ ಬಿಜೈ ಫ್ಲಾಟಿನ ರೂಮಿನ ಅಳತೆ ನಿನ್ನೆ ಕಳಿಸಿದ್ದಾರೆ, 13ಕ್ಕೆ 11.

ನನ್ನದು ಇನ್ನೊಂದು ಬಾಕಿ ಉಂಟು, ಎದುರಿನ ಉದ್ದ ಗೋಡೆಯ ಮಧ್ಯಕ್ಕೆ ಇದೇ ಮಾಡೆಲಿಂದು, 51ರ ಅಗಲದ ಮೋಡ್ ಸೋಫಾದ ಎರಡು ತುದಿಯಲ್ಲಿ ಕೂತವರಿಗೂ ಸಾಯ್ಲಿಕ್ಕೆ. ದುಡ್ಡು ಇನ್ನೂ ಒಟ್ಟಾಗ್ಲಿಲ್ಲ, ಪ್ಲಗ್ ಪಾಯಿಂಟ್ ಮಾತ್ರ ಹಾಕಿಸಿ ಆಗಿದೆ.