ಬುಲೆಟ್ ಜಿಡ್ಡು ಮದ್ದಿಗೆ ತಾಗದಂತೆ ತೋಟೆ ತುಂಬಿ ಇಡುವುದು ಹೇಗೆ

ಎರಕದ ಸೀಸದ ಬುಲೆಟ್ ಹಾಕಿ ತಾವೇ ತೋಟೆ ತುಂಬುವವರಿಗೆ ಒಂದಲ್ಲ ಒಂದು ದಿನ ಈ ಅನುಮಾನ ಬಂದೇ ಬರುತ್ತದೆ. ಬುಲೆಟ್‌ಗೆ ಹಚ್ಚಿದ ಜಿಡ್ಡು ವರ್ಷಗಟ್ಟಲೆ ಕೇಸ್ (ತೋಟೆಯ ಲೋಹದ ಕೋಶ) ಒಳಗೇ ಇದ್ದರೆ ಅದರಲ್ಲಿರುವ ಸಿಡಿಮದ್ದು ಕೆಡುತ್ತದಾ? ಗಟ್ಟಿ ಮೇಣದ ಜಿಡ್ಡು ಬುಲೆಟ್ ಸುತ್ತ ಇರುವ ಗ್ರೂವ್‌ನಲ್ಲೇ (ತೋಡಿನಲ್ಲೇ) ಉಳಿದು, ತೋಟೆ ತಂಪಾದ ಕಡೆ ಇದ್ದರೆ ಏನೂ ಆಗುವುದಿಲ್ಲ. ತೊಂದರೆ ಬರುವುದು ಜಿಡ್ಡು ಹರಿದಾಗ, ಇಲ್ಲವೇ ಇರಬಾರದ ಕಡೆ ಹತ್ತಿದಾಗ. ಇವೆರಡೂ ನಮ್ಮ ಕೈಯಲ್ಲೇ ಇರುವ ವಿಷಯ.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡೋಣ. ಇವತ್ತಿನ ಹೊಗೆರಹಿತ ಮದ್ದು ನೈಟ್ರೋಸೆಲ್ಯುಲೋಸ್‌ನ ಗಟ್ಟಿ ಕಾಳು, ಮೇಲೆ ಗ್ರಾಫೈಟ್ ಲೇಪ. ಮೇಣವಾಗಲಿ ಖನಿಜ ಎಣ್ಣೆಯಾಗಲಿ ಅದನ್ನು ಕರಗಿಸುವುದಿಲ್ಲ. ಆದರೆ ಕಾಳಿನ ಮೇಲೆ ಎಣ್ಣೆಯ ಪೊರೆ ಕೂತರೆ ಬೆಂಕಿ ಹತ್ತುವುದು ನಿಧಾನವಾಗುತ್ತದೆ, ಕಾಳುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಒತ್ತಡ ಒಂದೊಂದು ತೋಟೆಗೆ ಒಂದೊಂದು ಥರ, ವೇಗ ಕಡಿಮೆ. ರಿವಾಲ್ವರ್‌ನ .38 ಸ್ಪೆಷಲ್‌ನಂಥ ತೋಟೆಗೆ ಬೇಗ ಉರಿಯುವ ಮದ್ದು ಸಾಮಾನ್ಯವಾಗಿ 3ರಿಂದ 5 ಗ್ರೇನ್, ಅಂದರೆ 0.2ರಿಂದ 0.3 ಗ್ರಾಂ ಅಷ್ಟೇ. ಇಷ್ಟು ಸ್ವಲ್ಪ ಮದ್ದಿನಲ್ಲಿ ಒಂದು ಪಾಲು ಜಿಡ್ಡಾದರೂ ಪರಿಣಾಮ ಕಾಣುತ್ತದೆ. ಕೇಸ್ ತುಂಬ ಮದ್ದು ಹಾಕುವ ರೈಫಲ್ ತೋಟೆಯಲ್ಲಿ ಮೇಲಿನ ನಾಲ್ಕು ಕಾಳು ಒದ್ದೆಯಾದರೆ ಅಷ್ಟಾಗಿ ಗೊತ್ತಾಗದೇ ಇರಬಹುದು.

ಇನ್ನು ಕೆಲಸದ ಮಾತು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಬುಲೆಟ್‌ನ ತಳ. ಆಲಾಕ್ಸ್ ಎಂಬ ಜಿಡ್ಡನ್ನು ದ್ರವ ರೂಪದಲ್ಲಿ ಹಾಕಿ ಡಬ್ಬಿಯಲ್ಲಿ ಉರುಳಿಸುವವರು ಗಮನಿಸಿ, ಅದು ಗ್ರೂವ್‌ಗೆ ಮಾತ್ರ ಹತ್ತುವುದಿಲ್ಲ, ತಳಕ್ಕೂ ಹತ್ತುತ್ತದೆ, ಮದ್ದಿಗೆ ಎದುರಾಗಿ ಕೂರುವುದೇ ಆ ತಳ. ಹಾಗಾಗಿ ತೆಳ್ಳಗೆ ಹಚ್ಚಿ. ಬುಲೆಟ್‌ಗಳನ್ನು ಮೇಣದ ಕಾಗದದ ಮೇಲೆ ನಿಲ್ಲಿಸಿ ಪೂರ್ತಿ ಒಣಗಲು ಬಿಡಿ. ಬೆರಳಿಗೆ ಅಂಟುತ್ತಿದ್ದರೆ ಇನ್ನೂ ಒಣಗಿಲ್ಲ ಅಂತಲೇ ಲೆಕ್ಕ. ತೆಳುವಾಗಲಿ ಅಂತ ಸಾಲ್ವೆಂಟ್ ಬೆರೆಸಿದ್ದರೆ ಇನ್ನಷ್ಟು ಹೊತ್ತು ಕಾಯಿರಿ, ಆವಿಯಾಗದೆ ಉಳಿದ ಸಾಲ್ವೆಂಟ್ ಕೇಸ್ ಒಳಗೆ ಸಿಕ್ಕಿಕೊಂಡರೆ ಅದಕ್ಕೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಆಮೇಲೆ ಸಾಲ್ವೆಂಟ್ ಸ್ವಲ್ಪ ತಾಗಿಸಿದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಪ್ರತಿ ಬುಲೆಟ್‌ನ ತಳವನ್ನು ಒಮ್ಮೆ ಉಜ್ಜಿ. ಬೇಜಾರಿನ ಕೆಲಸ, ಆದರೂ ಬಿಡಬೇಡಿ.

ಎರಡನೆಯದು ಬುಲೆಟ್ ಎಷ್ಟು ಆಳಕ್ಕೆ ಕೂರುತ್ತದೆ ಅನ್ನುವುದು. ಕತ್ತು ಗಿಡ್ಡವಾಗಿರುವ ರೈಫಲ್ ಕೇಸ್‌ನಲ್ಲಿ ಬುಲೆಟ್ ಕತ್ತು ದಾಟಿ ಕೆಳಗೆ ಹೋದರೆ ಕೊನೆಯ ಗ್ರೂವ್‌ನ ಜಿಡ್ಡು ನೇರ ಮದ್ದಿನ ಜಾಗಕ್ಕೆ ತೆರೆದುಕೊಳ್ಳುತ್ತದೆ. ಆ ಗ್ರೂವ್ ಖಾಲಿ ಬಿಡಿ, ಇಲ್ಲವೇ ಕತ್ತಿಗೆ ಸರಿಹೊಂದುವ ಉದ್ದದ ಬುಲೆಟ್ ಆರಿಸಿ. ತಳಕ್ಕೆ ತಾಮ್ರದ ಗ್ಯಾಸ್ ಚೆಕ್ (ತಳ ಮುಚ್ಚುವ ಪುಟ್ಟ ಬಟ್ಟಲು) ಇದ್ದರೆ ಒಳ್ಳೆಯದೇ, ಆದರೆ ಪಕ್ಕದಿಂದ ಇಳಿಯುವ ಎಣ್ಣೆಯನ್ನು ಅದೊಂದೇ ತಡೆಯುತ್ತದೆ ಅಂತ ನಂಬಬೇಡಿ.

ಬುಲೆಟ್ ಮೇಲಷ್ಟೇ ಕಣ್ಣಿಟ್ಟು ಕೇಸ್ ಮರೆಯುವವರೂ ಇದ್ದಾರೆ. ಸೈಜ್ ಮಾಡುವಾಗ, ಅಂದರೆ ಕೇಸನ್ನು ಅಚ್ಚಿನಲ್ಲಿ ಒತ್ತಿ ಅಳತೆಗೆ ತರುವಾಗ, ಹಚ್ಚುವ ಲ್ಯಾನೋಲಿನ್ (ಉಣ್ಣೆಯ ಜಿಡ್ಡು) ಅಥವಾ ಎಣ್ಣೆ ಕತ್ತಿನೊಳಗೆ ಉಳಿದಿದ್ದರೆ, ಬುಲೆಟ್ ಜಿಡ್ಡಿಗಿಂತ ಅದೇ ಜಾಸ್ತಿ ಕಾಟ ಕೊಡುತ್ತದೆ. ಮದ್ದು ಸುರಿಯುವಾಗಲೇ ಕಾಳು ಕತ್ತಿಗೆ ಅಂಟಿ ನಿಲ್ಲುತ್ತದೆ. ಕೇಸ್ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ತುಂಬಿ.

ಜಿಡ್ಡಿನ ಆಯ್ಕೆ ತೋಟೆ ಎಲ್ಲಿ ಇರುತ್ತದೆ ಅನ್ನುವುದರ ಮೇಲೆ ನಿಂತಿದೆ. ಶುದ್ಧ ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ಅರ್ಧಕ್ಕರ್ಧ ಆಲಾಕ್ಸ್ ಸೇರಿಸಿದ ಹಳೆಯ, ಹೆಸರುವಾಸಿ ಮಿಶ್ರಣ ಇನ್ನೂ ಬೇಗ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರು, ತಗಡಿನ ಮಾಡಿನ ಕೆಳಗಿನ ಅಟ್ಟ, ಇಂಥ ಕಡೆ ತೋಟೆ ಇಡಲೇಬೇಡಿ. ಜಿಡ್ಡಿನ ಮಾತು ಬಿಡಿ, ಮದ್ದಿನ ಆಯುಸ್ಸನ್ನೂ ಬಿಸಿ ತಿನ್ನುತ್ತದೆ. ತಂಪಾದ, ಒಣಗಿದ, ಬೀಗ ಹಾಕಿದ ಜಾಗ ಸಾಕು. ತೋಟೆ ನಿಲ್ಲಿಸಿಡುವಾಗ ಬುಲೆಟ್ ಮೇಲೆ ಇರಬೇಕಾ ಕೆಳಗೆ ಇರಬೇಕಾ ಅನ್ನುವ ವಾದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ, ಜಿಡ್ಡು ಹರಿಯದಿದ್ದರೆ ಹೇಗಿಟ್ಟರೂ ಒಂದೇ ಅಲ್ವಾ? ಜಿಡ್ಡೇ ಬೇಡ ಅನ್ನುವವರಿಗೆ ಪೌಡರ್ ಕೋಟಿಂಗ್ ಇದೆ. ಬುಲೆಟ್ ಮೇಲೆ ಬೇಯಿಸಿ ಗಟ್ಟಿ ಮಾಡಿದ ಆ ಬಣ್ಣದ ಪದರ ಹರಿಯುವುದೂ ಇಲ್ಲ, ಇಳಿಯುವುದೂ ಇಲ್ಲ.

ಕರಿಮದ್ದಿನ ಕಥೆ ಬೇರೆ. ಅದು ಪೆಟ್ಲುಪ್ಪು, ಇದ್ದಿಲು, ಗಂಧಕದ ಮಿಶ್ರಣ, ಎಣ್ಣೆಯನ್ನು ಬೇಗ ಹೀರುತ್ತದೆ. ಅಲ್ಲಿ ಮೆತ್ತನೆಯ ಜಿಡ್ಡೇ ಬೇಕಾಗುವುದರಿಂದ ಮದ್ದಿಗೂ ಜಿಡ್ಡಿಗೂ ನಡುವೆ ಬಿಗಿಯಾದ ರಟ್ಟಿನ ಬಿಲ್ಲೆ ಇಡಲೇಬೇಕು.

ಹಳೆಯ ತೋಟೆಗಳ ಮೇಲೆ ಅನುಮಾನ ಬಂದರೆ ಒಂದೆರಡನ್ನು ಬುಲೆಟ್ ಪುಲ್ಲರ್‌ನಿಂದ ಬಿಚ್ಚಿ, ಮದ್ದನ್ನು ಬಿಳಿ ಹಾಳೆಯ ಮೇಲೆ ಸುರಿಯಿರಿ. ಒಳ್ಳೆಯ ಮದ್ದು ಕಾಳುಕಾಳಾಗಿ ಉರುಳುತ್ತದೆ. ಕೆಟ್ಟದ್ದು ಬುಲೆಟ್‌ನ ತಳಕ್ಕೆ ಕಪ್ಪು ಹಕ್ಕಳೆಯಂತೆ ಕಚ್ಚಿಕೊಂಡಿರುತ್ತದೆ, ಹಾಳೆ ಓರೆ ಮಾಡಿದರೆ ಗಂಟುಗಂಟಾಗಿ ಜಾರಿ ಎಣ್ಣೆ ಕಲೆ ಬಿಡುತ್ತದೆ. ಹುಳಿ ವಾಸನೆ, ಕೆಂಗಂದು ಧೂಳು ಕಂಡರೆ ಅದು ಜಿಡ್ಡಿನ ಕೆಲಸವಲ್ಲ, ಮದ್ದೇ ಒಳಗಿಂದ ಕೊಳೆಯುತ್ತಿದೆ. ಎರಡರಲ್ಲಿ ಯಾವುದಾದರೂ ಆ ಬ್ಯಾಚ್ ಪೂರ್ತಿ ಬಿಚ್ಚಿ, ಆ ಮದ್ದನ್ನು ಮತ್ತೆ ಬಳಸಬೇಡಿ. ಎಣ್ಣೆ ತಾಗಿದ ಪ್ರೈಮರ್ (ಮದ್ದಿಗೆ ಬೆಂಕಿ ಹತ್ತಿಸುವ, ಕೇಸ್ ತಳದ ಪುಟ್ಟ ಸಿಡಿಬಿಲ್ಲೆ) ಸತ್ತಿದೆ ಅಂತಲೂ ತಿಳಿಯಬೇಡಿ, ಅದು ಸಿಡಿಯಬಹುದು.

ಹೊಡೆಯುವಾಗ ಸದ್ದು ಮೆತ್ತಗೆ ಕೇಳಿತು, ಒದೆತ ಕಡಿಮೆ ಅನ್ನಿಸಿತು ಅಂದರೆ ಅಲ್ಲೇ ನಿಲ್ಲಿಸಿ. ಜಿಡ್ಡು ಹಿಡಿದ ಮದ್ದು ಬುಲೆಟ್ಟನ್ನು ನಳಿಗೆಯ ನಡುವೆಯೇ ಬಿಟ್ಟಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯಬಹುದು. ಕೋವಿಯ ಬಾಯಿ ಸುರಕ್ಷಿತ ದಿಕ್ಕಿಗೇ ಇರಲಿ, ಅರ್ಧ ನಿಮಿಷವಾದರೂ ಕಾಯಿರಿ, ಎಲ್ಲ ತೋಟೆ ತೆಗೆದು, ಹಿಂದಿನಿಂದ ಮುಂದಿನವರೆಗೆ ಸರಳು ತೂರಿಸಿ ನಳಿಗೆ ಖಾಲಿ ಅಂತ ಖಚಿತ ಮಾಡಿಕೊಂಡ ಮೇಲೆಯೇ ಮುಂದಿನ ಮಾತು.