ಚೆಸ್ ಡೇಟಾಬೇಸ್‌ಗೆ ದುಡ್ಡು ಕೊಡುವ ಮುಂಚೆ

ಚೆಸ್ ಡೇಟಾಬೇಸ್, ಅಂದರೆ ಆಡಿದ ಆಟಗಳನ್ನು ನಡೆ ಸಮೇತ ಕೂಡಿಟ್ಟ ಸಂಗ್ರಹ, ತೆರೆದು ಕೂತವರನ್ನು ಗಮನಿಸಿ ನೋಡಿ. ಹೆಚ್ಚಿನವರು ಒಂದು ಓಪನಿಂಗ್ (ಆಟ ಶುರುವಾಗುವ ನಡೆಗಳ ಕ್ರಮ) ಹಾಕುತ್ತಾರೆ, ಪಕ್ಕದ ಪಟ್ಟಿಯಲ್ಲಿ ಯಾವ ನಡೆಗೆ ಜಾಸ್ತಿ ಪರ್ಸೆಂಟ್ ಅಂಕ ಬಂದಿದೆಯೋ ಅದನ್ನು ಗುರುತು ಹಾಕಿಕೊಳ್ಳುತ್ತಾರೆ, ಮುಚ್ಚುತ್ತಾರೆ. ಇಷ್ಟಕ್ಕೆ ದುಡ್ಡು ಕೊಡಬೇಕಾಗಿಲ್ಲ. ಇಷ್ಟೇ ಮಾಡಿದರೆ ಆಟವೂ ಸುಧಾರಿಸುವುದಿಲ್ಲ. ಕೊಳ್ಳಬೇಕೋ ಬೇಡವೋ ಅನ್ನುವುದನ್ನು ಮೊದಲು ಉಚಿತವಾಗಿ ಸಿಗುವುದರಲ್ಲಿ ಕೆಲಸ ಮಾಡಿ ನೋಡಿ, ಆಮೇಲೆ ತೀರ್ಮಾನಿಸಿ. ಆ ಕೆಲಸ ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಹಂತ 1: ಮೂರು ಸರಕನ್ನು ಬೇರೆ ಬೇರೆ ಮಾಡಿಕೊಳ್ಳಿ

ಅಂಗಡಿಯವರು ಒಂದೇ ಪ್ಯಾಕೇಜ್ ಅಂತ ಕೊಡುವುದರಲ್ಲಿ ಮೂರು ವಸ್ತು ಇರುತ್ತವೆ. ಆಟಗಳನ್ನು ಹುಡುಕುವ ಸಾಫ್ಟ್‌ವೇರ್ ಒಂದು, ಆಟಗಳ ಸಂಗ್ರಹ ಇನ್ನೊಂದು, ನಡೆಗಳನ್ನು ಲೆಕ್ಕ ಹಾಕುವ ಎಂಜಿನ್ ಮತ್ತೊಂದು. ಮೂರಕ್ಕೂ ಬೆಲೆ ಬೇರೆ, ಉಪಯೋಗ ಬೇರೆ.

ಎಂಜಿನ್‌ಗೆ ದುಡ್ಡು ಕೊಡಲೇಬೇಡಿ. ಸ್ಟಾಕ್‌ಫಿಶ್ ಉಚಿತ, ಮುಕ್ತ ತಂತ್ರಾಂಶ, ಲೋಕದ ಅತಿ ಬಲಿಷ್ಠ ಎಂಜಿನ್‌ಗಳಲ್ಲಿ ಒಂದು. ಅದನ್ನೇ ಆಧಾರವಾಗಿಟ್ಟುಕೊಂಡ ಎಂಜಿನ್ ಒಂದನ್ನು ಬೇರೆ ಹೆಸರಿನಲ್ಲಿ ಮಾರಿ ಪರವಾನಗಿಯ ಷರತ್ತು ಮೀರಿದರು ಅಂತ ಸ್ಟಾಕ್‌ಫಿಶ್ ತಂಡ 2021ರಲ್ಲಿ ಚೆಸ್ ಸಾಫ್ಟ್‌ವೇರ್ ಮಾರುವ ಚೆಸ್‌ಬೇಸ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. 2022ರಲ್ಲಿ ರಾಜಿಯಾಯಿತು. ಡಬ್ಬದ ಮೇಲೆ ಹೊಸ ಹೆಸರು ಕಂಡರೆ ಒಳಗಿರುವುದು ಏನು ಅಂತ ಕೇಳಿ.

ಇನ್ನು ಆಟಗಳ ಸಂಗ್ರಹ. ದೊಡ್ಡ ಟೂರ್ನಿಗಳ ಆಟಗಳನ್ನು ಮಾರ್ಕ್ ಕ್ರೌದರ್ ಅವರ 'ದಿ ವೀಕ್ ಇನ್ ಚೆಸ್' 1994ರಿಂದ ವಾರವಾರವೂ ಕೊಡುತ್ತಾ ಬಂದಿದೆ. ಆನ್‌ಲೈನ್ ಚೆಸ್ ತಾಣವಾದ ಲಿಚೆಸ್ ತನ್ನಲ್ಲಿ ನಡೆದ ರೇಟೆಡ್ ಆಟಗಳನ್ನೆಲ್ಲ (ರೇಟಿಂಗ್‌ಗೆ, ಅಂದರೆ ಆಟಗಾರರ ಬಲ ಹೇಳುವ ಅಂಕಿಗೆ, ಲೆಕ್ಕವಾಗುವ ಆಟಗಳು) ತಿಂಗಳಿಗೊಮ್ಮೆ ಹಾಕುತ್ತದೆ. ಎರಡೂ ಉಚಿತ. ಹಾಗಾದರೆ ಚೆಸ್‌ಬೇಸ್‌ನವರ ಮೆಗಾ ಡೇಟಾಬೇಸ್‌ಗೆ ಯಾಕೆ ದುಡ್ಡು? ಅದರಲ್ಲಿ ಒಂದು ಕೋಟಿಗೂ ಹೆಚ್ಚು ಆಟಗಳಿವೆ, ಆದರೆ ಟಿಪ್ಪಣಿ ಬರೆದಿರುವುದು ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಆಟಗಳಿಗೆ. ನೀವು ಕೊಡುವ ದುಡ್ಡು ಆ ಟಿಪ್ಪಣಿಗಳಿಗೆ, ಮತ್ತೆ ಆಟಗಾರರ ಹೆಸರು, ಟೂರ್ನಿಯ ಹೆಸರು ಸರಿಯಾಗಿ ಜೋಡಿಸಿಟ್ಟ ಕೆಲಸಕ್ಕೆ. ಟಿಪ್ಪಣಿ ಓದುವ ಅಭ್ಯಾಸ ಇಲ್ಲದವರಿಗೆ ಕೋಟಿ ಆಟ ಇದ್ದೂ ಪ್ರಯೋಜನವಿಲ್ಲ.

ಹಂತ 2: ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ

ಸ್ಕಿಡ್ ವರ್ಸಸ್ ಪಿಸಿ ಸಾಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನೋಡಲು ಹಳೇ ಕಾಲದ್ದು, ಕೆಲಸದಲ್ಲಿ ಗಟ್ಟಿ. ಬೇರೆ ಬೇರೆ ಕಡೆಯಿಂದ ಇಳಿಸಿಕೊಂಡ ಪಿಜಿಎನ್ (ಆಟದ ನಡೆಗಳನ್ನು ಬರೆದಿಡುವ ರೂಪ) ಫೈಲ್‌ಗಳನ್ನು ಒಂದೇ ಕಡೆ ಸೇರಿಸಿದರೆ ಒಂದೇ ಆಟ ಎರಡೆರಡು ಸಲ ಬಂದಿರುತ್ತದೆ. ಮೆನುವಿನಲ್ಲಿ ಟ್ವಿನ್ ಗೇಮ್ಸ್ ಅಳಿಸುವ ಆಯ್ಕೆ ಇದೆ, ಬಳಸಿ. ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಹಂತ 3: ಮೊದಲು ನಿಮ್ಮ ಆಟಗಳು

ದೊಡ್ಡ ಸಂಗ್ರಹ ಕೊಂಡು ತಿಂಗಳುಗಟ್ಟಲೆ ಆದರೂ ತಮ್ಮದೇ ಆಟ ಒಂದನ್ನೂ ಸೇರಿಸದವರು ಬಹಳ ಜನ ಇದ್ದಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಸ್ಕೋರ್‌ಶೀಟ್ ಮನೆಗೆ ತಂದ ದಿನವೇ ನಡೆಗಳನ್ನು ಹಾಕಿ. ನಿಮ್ಮ ಹೆಸರನ್ನು ಪ್ರತಿ ಸಲ ಒಂದೇ ರೀತಿ ಬರೆಯಿರಿ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಂದರೆ ಕಂಪ್ಯೂಟರ್‌ಗೆ ಅವರು ಇಬ್ಬರು ಆಟಗಾರರು. ಎಂಜಿನ್ ಹಚ್ಚುವ ಮುಂಚೆ, ಎಲ್ಲಿ ಜಾಸ್ತಿ ಹೊತ್ತು ಯೋಚಿಸಿದಿರಿ, ಏನು ಹೆದರಿಕೆಯಾಯಿತು ಅಂತ ಎರಡು ಸಾಲು ಬರೆಯಿರಿ. ಎಂಜಿನ್ ಹಚ್ಚಿದ ಮೇಲೆ ಆ ಎರಡು ಸಾಲು ನೆನಪಿಗೆ ಬರುವುದಿಲ್ಲ.

ಹಂತ 4: ಅಂಕಿ ಓದುವುದು

ಎಡವುವುದು ಇಲ್ಲೇ. ದುಡ್ಡು ಕೊಟ್ಟ ಸಾಫ್ಟ್‌ವೇರ್ ಆದರೂ ಎಡವುತ್ತಾರೆ, ಉಚಿತದ್ದಾದರೂ ಎಡವುತ್ತಾರೆ. ಆದ್ದರಿಂದ ನಿಧಾನವಾಗಿ ಹೋಗೋಣ.

ಮೊದಲನೆಯದು, ಹುಡುಕಬೇಕಾದದ್ದು ಬೋರ್ಡಿನ ಸ್ಥಿತಿಯನ್ನು, ನಡೆಗಳ ಸರಣಿಯನ್ನಲ್ಲ. ಕ್ವೀನ್ಸ್ ಗ್ಯಾಂಬಿಟ್ ಅನ್ನುವ ಓಪನಿಂಗ್‌ನ ಒಂದೇ ಸ್ಥಿತಿ ಡಿ4 ನಡೆಯಿಂದ (ಡಿ ಸಾಲಿನ ನಾಲ್ಕನೇ ಮನೆಗೆ ಪದಾತಿ) ಶುರುವಾದರೂ ಬರುತ್ತದೆ, ಸಿ4 ಇಂದಲೂ ಬರುತ್ತದೆ, ಕುದುರೆ ಎಫ್3 ಇಂದಲೂ ಬರುತ್ತದೆ. ಡಿ4 ಆಟಗಳನ್ನಷ್ಟೇ ಎಣಿಸಿದರೆ ಉಳಿದ ದಾರಿಯಲ್ಲಿ ಬಂದ ಆಟಗಳು ಕೈತಪ್ಪುತ್ತವೆ.

ಎರಡನೆಯದು, ಸ್ಕೋರ್ ಯಾರ ಕಡೆಯಿಂದ? ಸ್ಕಿಡ್‌ನ ಟ್ರೀ ಕಿಟಕಿಯಲ್ಲಿ, ಅಂದರೆ ನಡೆಗಳ ಅಂಕಿ ಪಟ್ಟಿಯಲ್ಲಿ, ಸ್ಕೋರ್ (ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂತ ಹಿಡಿದು ಬಂದ ಪರ್ಸೆಂಟ್) ಯಾವಾಗಲೂ ಬಿಳಿಯವರದು. ಕಪ್ಪು ಆಡುವವರು ಅತಿ ದೊಡ್ಡ ಅಂಕಿ ಹುಡುಕಿದರೆ ತಮಗೆ ಅತಿ ಕೆಟ್ಟ ನಡೆಯನ್ನೇ ಆರಿಸಿದ ಹಾಗಾಗುತ್ತದೆ. ಇದನ್ನು ಎಷ್ಟು ಜನ ಮಾಡುವುದನ್ನು ನೋಡಿದ್ದೇನೋ! ಇನ್ನೊಂದು ಮಾತು: ಒಟ್ಟು ಆಟಗಳಲ್ಲಿ ಬಿಳಿಗೆ ಸಾಮಾನ್ಯವಾಗಿ 54-55 ಪರ್ಸೆಂಟ್ ಆಸುಪಾಸು ಸಿಗುತ್ತದೆ. ಹಾಗಾಗಿ ಬಿಳಿಗೆ 55 ಅಂತ ಕಂಡರೆ ಅದು ಒಳ್ಳೇ ನಡೆ ಅಂತಲ್ಲ, ಮಾಮೂಲಿ ನಡೆ ಅಂತ.

ಮೂರನೆಯದು, ಆಡಿದವರು ಯಾರು. ಟ್ರೀಯಲ್ಲಿ ಸ್ಕೋರ್‌ನ ಪಕ್ಕದಲ್ಲೇ ಸರಾಸರಿ ರೇಟಿಂಗ್, ಪರ್ಫಾರ್ಮೆನ್ಸ್ ಅನ್ನುವ ಕಾಲಂಗಳಿವೆ. ಪರ್ಫಾರ್ಮೆನ್ಸ್ ಅಂದರೆ ಆ ಫಲಿತಾಂಶಗಳು ಯಾವ ರೇಟಿಂಗ್ ಮಟ್ಟಕ್ಕೆ ಸಮ ಅನ್ನುವ ಲೆಕ್ಕ. ಒಂದು ನಡೆಗೆ ಬಿಳಿಯವರ ಸ್ಕೋರ್ 60, ಅದನ್ನು ಆಡಿದವರ ಸರಾಸರಿ ರೇಟಿಂಗ್ 2500, ಪರ್ಫಾರ್ಮೆನ್ಸ್ 2450 ಅಂತ ಇಟ್ಟುಕೊಳ್ಳಿ. 60 ನೋಡಿ ಖುಷಿಪಡಬೇಡಿ. ಬಲಿಷ್ಠರು ತಮಗಿಂತ ದುರ್ಬಲರ ಮೇಲೆ ಆಡಿಯೂ ತಮ್ಮ ಮಟ್ಟಕ್ಕಿಂತ ಕಡಿಮೆ ಪಡೆದಿದ್ದಾರೆ ಅಂತ ಅದರ ಅರ್ಥ. ಆಟಗಳ ಸಂಖ್ಯೆ ಹತ್ತೋ ಹದಿನೈದೋ ಇದ್ದರೆ ಈ ಯಾವ ಅಂಕಿಯನ್ನೂ ನಂಬಬೇಡಿ. ಸುಮ್ನೆ ಆ ಆಟಗಳನ್ನೇ ತೆರೆದು ನೋಡಿ.

ನಾಲ್ಕನೆಯದು, ವರ್ಷ. ರುಯ್ ಲೋಪೆಜ್ ಓಪನಿಂಗ್‌ನಲ್ಲಿ ಬರುವ ಬರ್ಲಿನ್ ಡಿಫೆನ್ಸ್ ನೋಡಿ. 2000ದಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ರಷ್ಯಾದ ಕ್ರಾಮ್ನಿಕ್ ಕಪ್ಪು ಆಡುವಾಗ ಅದನ್ನು ಹಿಡಿದು ಕೂತರು. ಆಗಿನ ಚಾಂಪಿಯನ್ ಕಾಸ್ಪರೋವ್ ಒಂದು ಆಟವನ್ನೂ ಗೆಲ್ಲಲಾಗದೆ ಪಟ್ಟ ಬಿಟ್ಟುಕೊಟ್ಟರು. ಅಲ್ಲಿಂದ ಆ ಓಪನಿಂಗ್‌ನ ಹಣೆಬರಹವೇ ಬದಲಾಯಿತು. ಅದಕ್ಕೆ ಮುಂಚಿನ ಆಟಗಳನ್ನೂ ಆಮೇಲಿನವನ್ನೂ ಒಟ್ಟಿಗೆ ಕೂಡಿಸಿ ತೆಗೆದ ಪರ್ಸೆಂಟ್ ಏನು ಹೇಳೀತು? ಕಳೆದ ಐದಾರು ವರ್ಷದ್ದನ್ನು ಬೇರೆಯಾಗಿ ಶೋಧಿಸಿ. ಒಂದು ಕಾಲದಲ್ಲಿ ಓಡುತ್ತಿದ್ದ ನಡೆಯನ್ನು ಈಗ ಬಲ್ಲವರು ಯಾರೂ ಆಡುತ್ತಿಲ್ಲ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಕೊನೆಕೊನೆಯ ಆಟಗಳಲ್ಲಿ ಹುಡುಕಿದರೆ ಆ ಕಾರಣ ಸಿಗುತ್ತದೆ.

ಇದೆಲ್ಲ ಆದ ಮೇಲೆ ನಿಮ್ಮ ಓಪನಿಂಗ್‌ನ ಕೆಲವು ಆಟಗಳನ್ನು ಕೊನೆಯವರೆಗೂ ಆಡಿ ನೋಡಿ. ಹದಿನೈದನೇ ನಡೆಗೆ ನಿಲ್ಲಿಸಬೇಡಿ. ಯಾವ ಕಾಯಿ ಎಲ್ಲಿಗೆ ಹೋಗುತ್ತದೆ, ಯಾವ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಹಂತ) ಮತ್ತೆ ಮತ್ತೆ ಬರುತ್ತದೆ ಅನ್ನುವುದು ಆಗಲೇ ತಿಳಿಯುವುದು. ಡೇಟಾಬೇಸ್ ಇರುವುದೇ ಇದಕ್ಕೆ ಅಂತ ನಾನು ನಂಬಿದ್ದೇನೆ.

ನಿಮ್ಮ ಮಟ್ಟದವರು ಏನಾಡುತ್ತಾರೆ ಅಂತ ಬೇಕಾದರೆ ಲಿಚೆಸ್‌ನ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ರೇಟಿಂಗ್ ಶೋಧಕ ಇದೆ. ಮಾಸ್ಟರ್‌ಗಳ ಪಟ್ಟಿಯಲ್ಲಿ ಕಾಣದ ನಡೆ ನಿಮ್ಮ ಎದುರಾಳಿಗಳ ಕೈಯಲ್ಲಿ ದಿನವೂ ಬರಬಹುದು. ಅದಕ್ಕೆ ಉತ್ತರ ಸಿಗುವುದು ಅಲ್ಲಿ.

ಹಂತ 5: ಈಗ ತೀರ್ಮಾನ

ಮೇಲಿನ ಕೆಲಸವನ್ನು ಕೆಲವು ವಾರ ಬಿಡದೆ ಮಾಡಿದಿರಾ? ಎಲ್ಲಿ ಅಡ್ಡಿಯಾಯಿತು ಅಂತ ಬರೆದಿಟ್ಟುಕೊಳ್ಳಿ. ನಾಳೆಯ ಎದುರಾಳಿ ಯಾರು ಅಂತ ರಾತ್ರಿ ಗೊತ್ತಾಗಿ, ಬೆಳಗಾಗುವುದರೊಳಗೆ ಅವರ ಆಟಗಳನ್ನೆಲ್ಲ ಬಣ್ಣವಾರು, ಓಪನಿಂಗ್‌ವಾರು ನೋಡಬೇಕಾಗುತ್ತದೆ ಅಂದರೆ ಕೊಳ್ಳಿ. ಅಚ್ಚುಕಟ್ಟಾದ ಹೆಸರಿನ ಪಟ್ಟಿ ಉಳಿಸುವ ಸಮಯಕ್ಕೆ ಆ ಬೆಲೆ ಸರಿ. ಕೋಚ್ ಆಗಿದ್ದರೆ, ಪಾಠಕ್ಕೆ ಟಿಪ್ಪಣಿ ಇರುವ ಆಟಗಳು ದಿನವೂ ಬೇಕಾದರೆ, ಕೊಳ್ಳಿ. ಅಂಚೆ ಚೆಸ್ ಆಡುವವರೂ ಕೊಳ್ಳಬಹುದು. ಎದುರಾಳಿಗಳ ಆಟ ಯಾವ ಸಂಗ್ರಹದಲ್ಲೂ ಇಲ್ಲದ ಮಟ್ಟದಲ್ಲಿ ಆಡುತ್ತಿದ್ದರೆ ಬೇಡ. ಆ ದುಡ್ಡಿನಲ್ಲಿ ಟೂರ್ನಿಗೆ ಹೋಗಿ, ಒಳ್ಳೆಯ ಕೋಚ್ ಹತ್ತಿರ ನಿಮ್ಮ ಆಟ ತೋರಿಸಿ. ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮಂದಿರಿಗೂ ಇದೇ ಮಾತು.

ಹಂತ 6: ಕೊಳ್ಳುವುದೇ ಆದರೆ

ಚೆಸ್‌ಬೇಸ್ ಕಂಪನಿಯ ಅದೇ ಹೆಸರಿನ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ. ಮ್ಯಾಕ್ ಇದ್ದವರು ದುಡ್ಡು ಕಟ್ಟಿದ ಮೇಲೆ ಇದನ್ನು ತಿಳಿದು ಪೇಚಾಡುವುದು ಬೇಡ. ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಬದಲಾಯಿಸಬೇಕಾಗಿಲ್ಲ, ಹುಡುಕಾಟದ ಮುಖ್ಯ ಕೆಲಸ ಹಳೆಯದರಲ್ಲೂ ನಡೆಯುತ್ತದೆ. ಸಂಗ್ರಹವನ್ನೂ ವರ್ಷವರ್ಷ ಕೊಳ್ಳಬೇಡಿ, ನಡುವಿನ ಆಟಗಳನ್ನು 'ದಿ ವೀಕ್ ಇನ್ ಚೆಸ್'ನ ವಾರದ ಉಚಿತ ಫೈಲ್‌ನಿಂದ ತುಂಬಿಸಿಕೊಳ್ಳಿ. ಎಲ್ಲೆಲ್ಲಿಂದಲೋ ಗುಡ್ಡೆ ಹಾಕಿ 'ಅತಿ ದೊಡ್ಡ ಡೇಟಾಬೇಸ್' ಅಂತ ಅಗ್ಗಕ್ಕೆ ಮಾರುವವರ ಹತ್ತಿರ ಹೋಗಲೇಬೇಡಿ. ಅವುಗಳಲ್ಲಿ ನಕಲು ಆಟ, ಬ್ಲಿಟ್ಜ್ ಆಟ (ಕೆಲವೇ ನಿಮಿಷದ ಅವಸರದ ಆಟ), ತಪ್ಪು ಫಲಿತಾಂಶ ಎಲ್ಲ ಕಲಸಿಹೋಗಿರುತ್ತವೆ.

ನಿಮ್ಮ ಸ್ವಂತ ಆಟಗಳನ್ನು ಕೊಂಡ ಸಂಗ್ರಹದೊಳಗೆ ಸೇರಿಸದೆ ಬೇರೆ ಫೈಲ್‌ನಲ್ಲಿಡಿ. ತಿಂಗಳಿಗೊಮ್ಮೆ ಅದನ್ನು ಪಿಜಿಎನ್ ಆಗಿ ಹೊರಗೆ ತೆಗೆದು ಇನ್ನೊಂದು ಕಡೆ ಉಳಿಸಿ. ಪಿಜಿಎನ್ ಸಾದಾ ಪಠ್ಯ, ಮುಂದೆ ಯಾವ ಸಾಫ್ಟ್‌ವೇರ್‌ಗೆ ಹೋದರೂ ತೆರೆದುಕೊಳ್ಳುತ್ತದೆ.